ನಲವತ್ತು ಗಾಳಕ್ಕೆ ಒಂದು ಎಮ್ಮೆ

"ಗುರುಗಳೇ, ಎಂಟು ವರ್ಷ ದುಡಿದು ಸಂಪಾದಿಸಿದ ವಿದ್ಯೆ ಯಾವಾಗ ನನ್ನದಾಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಾಟಿ ವೈದ್ಯರು. ಬೇರು ಜಜ್ಜುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. "ಈಗ ಯಾರದಾಗಿದೆ?" ಎಂದರು.

"ನಿಮ್ಮದೇ ಆಗಿ ಉಳಿದಿದೆ. ನಿಮ್ಮ ಮುನ್ನೂರು ಮದ್ದುಗಳನ್ನೂ ಒಂದಕ್ಷರ ಬಿಡದೆ ಬರೆದುಕೊಂಡಿದ್ದೇನೆ. ಅರೆಯುವವನು ನಾನು. ಬಿಸಿಲಲ್ಲಿ ಮೂರು ಹರದಾರಿ ನಡೆಯುವವನು ನಾನು. ರೋಗಿ ಎದ್ದು ಕೂತರೆ ಮಾತ್ರ 'ಗುರುಗಳ ಕೈಗುಣ' ಅನ್ನುತ್ತಾರೆ. ಮೊನ್ನೆ ಒಬ್ಬಳು ಅಜ್ಜಿ ನನ್ನ ಕೈಯಿಂದ ಮದ್ದು ಕುಡಿದು, ನಿಮಗೆ ಕೊಡು ಅಂತ ಕುಂಬಳಕಾಯಿ ಕೊಟ್ಟಳು. ಅದನ್ನು ಹೊತ್ತು ತಂದವನೂ ನಾನೇ."

"ಕುಂಬಳಕಾಯಿ ಚೆನ್ನಾಗಿತ್ತು" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕರೆಯುವ ಎಮ್ಮೆ ಒಂದು, ಅದಕ್ಕೆ ಬದಲು ಗಾಳ ನಲವತ್ತು. ವ್ಯವಹಾರ ಇಷ್ಟೇ. ಎಮ್ಮೆ ಕೊಟ್ಟವನು ಒಬ್ಬ ವ್ಯಾಪಾರಿ, ಗಾಳ ಕೊಟ್ಟವನು ಒಬ್ಬ ಗಾಳಗಾರ.

ವ್ಯಾಪಾರಿ ಉಪ್ಪು ಮಾರುತ್ತಿದ್ದ, ಒಣಮೀನು ಕೊಳ್ಳುತ್ತಿದ್ದ. ವರ್ಷಕ್ಕೆರಡು ಸಲ ಗಾಡಿ ಹೂಡಿಕೊಂಡು ಹೊಳೆದಂಡೆಯ ಒಂದು ಊರಿಗೆ ಬರುತ್ತಿದ್ದ. ಆ ಊರಿನವರೆಲ್ಲ ಗಾಳ ಹಾಕುವವರು. ಆದರೆ ಅಲ್ಲಿ ಗಾಳವನ್ನು ಯಾರೂ ಕೊಳ್ಳುತ್ತಿರಲಿಲ್ಲ, ಯಾರೂ ಮಾರುತ್ತಿರಲಿಲ್ಲ. ಬಿದಿರು ಮೆಳೆಯಲ್ಲಿತ್ತು. ದಾರ ಮನೆಯಲ್ಲಿ ಹೊಸೆದದ್ದು. ಹಳೆಯ ಸೂಜಿಯನ್ನು ಕೆಂಡಕ್ಕೆ ಹಿಡಿದು ಬಗ್ಗಿಸಿದರೆ ಕೊಕ್ಕೆ. ಅವರವರ ಗಾಳವನ್ನು ಅವರವರೇ ಕಟ್ಟಿಕೊಳ್ಳುತ್ತಿದ್ದರು.

ಗಾಳಗಾರನಿಗೆ ಕೂತಲ್ಲೇ ತೂಕಡಿಸುವ ಚಾಳಿ. ಅವನು ತೂಕಡಿಸಿದಾಗಲೆಲ್ಲ ಮೀನು ಎರೆ ತಿಂದು ಹೋಗುತ್ತಿತ್ತು. ನಿದ್ದೆ ಬಿಡಲು ನೋಡಿದ, ಆಗಲಿಲ್ಲ. ಕೊನೆಗೆ ನಿದ್ದೆಗೆ ಒಪ್ಪುವ ಗಾಳವನ್ನೇ ಕಟ್ಟಿದ. ಬಿದಿರ ಕೋಲನ್ನು ದಂಡೆಯಲ್ಲಿ ನೆಟ್ಟು, ಬಿಲ್ಲಿನಂತೆ ಬಗ್ಗಿಸಿ, ಪಕ್ಕದ ಗೂಟದಲ್ಲಿ ಕೊರೆದ ಸಣ್ಣ ಕಚ್ಚಿಗೆ ಸಿಕ್ಕಿಸಿಟ್ಟ. ಮೀನು ಎರೆಯನ್ನು ಎಳೆದರೆ ಕೋಲು ಕಚ್ಚಿನಿಂದ ಜಾರಿ ಮೇಲಕ್ಕೆ ಚಿಮ್ಮುತ್ತಿತ್ತು. ಮೀನು ಕೊಕ್ಕೆಗೆ ಬೀಳುತ್ತಿತ್ತು. ತುದಿಗೆ ಕಟ್ಟಿದ್ದ ಮೇಕೆಗೆಜ್ಜೆ ಘಲ್ಲೆಂದು ಅವನನ್ನು ಎಬ್ಬಿಸುತ್ತಿತ್ತು. ಊರವರು ಮೊದಲು ನಕ್ಕರು. ಆಮೇಲೆ ಅದಕ್ಕೆ ಚಿಮ್ಮುಗಾಳ ಎಂದು ಹೆಸರಿಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎರವಲು ಕೇಳಿದರು.

ಎರವಲು ಒಯ್ದವರು ಸಂಜೆ ಬಂದು, ಹಿಡಿದದ್ದರಲ್ಲಿ ಅರ್ಧ ಮೀನನ್ನು ಗಾಳಗಾರನ ಅಂಗಳದಲ್ಲಿ ಸುರಿದು ಹೋಗುತ್ತಿದ್ದರು. ವ್ಯಾಪಾರಿ ಗಾಡಿಯ ಮೇಲೆ ಕೂತು ಇದನ್ನು ಮೂರು ದಿನ ನೋಡಿದ. ಗಾಳದ ಒಡೆಯನಿಗೆ ಅರ್ಧ ಪಾಲು ಎಂದು ಲೆಕ್ಕ ಹಾಕಿಕೊಂಡ. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಬೆಲೆ ಏರುತ್ತದೆ ಎಂಬುದು ಸಂತೆಯಲ್ಲಿ ಅವನು ಕಲಿತ ಮೊದಲ ಪಾಠ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ, "ನಿನ್ನ ಎಮ್ಮೆ ಕೊಡು. ದೀಪಾವಳಿಗೆ ಎರಡು ಎಮ್ಮೆ ತರುತ್ತೇನೆ."

ಅದು ಅವಳು ತವರಿನಿಂದ ಹೊಡೆದುಕೊಂಡು ಬಂದ ಎಮ್ಮೆ. ಮನೆಯ ಮಜ್ಜಿಗೆಗೆ ಅದೊಂದೇ ಆಧಾರ. "ಎರಡು ಬೇಡ. ಒಂದು ಬಂದರೆ ಒಳಗೆ ಬನ್ನಿ. ಬರದಿದ್ದರೆ ಜಗಲಿ ಇದೆ, ಗಾಳಿ ಚೆನ್ನಾಗಿ ಬರುತ್ತದೆ" ಎಂದಳು.

ವ್ಯಾಪಾರಿ ಎಮ್ಮೆಯನ್ನು ಗಾಳಗಾರನ ಬಾಗಿಲಿಗೆ ಕಟ್ಟಿದ. "ನಲವತ್ತು ಚಿಮ್ಮುಗಾಳ ಕಟ್ಟಿಕೊಡು, ಇದು ನಿನ್ನದು."

ಗಾಳಗಾರ ಎಮ್ಮೆಯನ್ನು ಸುತ್ತು ಹಾಕಿ ನೋಡಿದ. "ಗಾಳಕ್ಕೆ ಎಮ್ಮೆ ಬಿದ್ದದ್ದನ್ನು ನಾನು ಈವರೆಗೆ ಕಂಡಿಲ್ಲ ಸಾಹುಕಾರರೇ. ನಲವತ್ತು ಗಾಳ ಏನು ಮಾಡುತ್ತೀರಿ? ಇರುವುದು ಎರಡು ಕೈ."

"ಉಳಿದ ಕೈಗಳ ಚಿಂತೆ ನನಗಿರಲಿ."

ತಿಂಗಳೊಳಗೆ ನಲವತ್ತು ಗಾಳ ಸಿದ್ಧವಾದವು. ಕೆಲಸದಲ್ಲಿ ಎಳ್ಳಷ್ಟೂ ಮೋಸವಿರಲಿಲ್ಲ. ವ್ಯಾಪಾರಿ ಅವನ್ನು ನಲವತ್ತು ಮಂದಿಗೆ ಹಂಚಿದ. ಹುಣಸೆ ಮರದ ನೆರಳಲ್ಲಿ ಚಾಪೆ ಹಾಸಿದ. ಒಣಗಿಸಲು ಉಪ್ಪಿನ ಚೀಲ ಬಿಚ್ಚಿಟ್ಟುಕೊಂಡ. ಖಾಲಿ ಬುಟ್ಟಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತ.

ಆ ದಿನ ಹೊಳೆದಂಡೆಯ ಉದ್ದಕ್ಕೂ ಗೆಜ್ಜೆಯೇ ಗೆಜ್ಜೆ. ಒಂದು ನಿಂತರೆ ಇನ್ನೊಂದು ಘಲ್ಲೆನ್ನುತ್ತಿತ್ತು. ಜನ ಓಡಿದರು, ಜಾರಿ ಬಿದ್ದರು, ನಕ್ಕರು. ವ್ಯಾಪಾರಿಗೆ ಒಂದೊಂದು ಗೆಜ್ಜೆಯೂ ಎಮ್ಮೆಯ ಕೊರಳ ಗಂಟೆಯಂತೆ ಕೇಳಿಸಿತು.

ಸಂಜೆ ನಲವತ್ತು ಮಂದಿಯೂ ಬುಟ್ಟಿ ಹೊತ್ತು ಬಂದರು. ಹುಣಸೆ ಮರದ ಹತ್ತಿರ ಬಂದಾಗ "ನಮಸ್ಕಾರ ಸಾಹುಕಾರರೇ" ಎಂದರು. ಮುಂದೆ ನಡೆದು ಗಾಳಗಾರನ ಅಂಗಳದಲ್ಲಿ ಅರ್ಧರ್ಧ ಮೀನು ಸುರಿದರು.

ವ್ಯಾಪಾರಿ ಚಪ್ಪಲಿ ಮೆಟ್ಟದೆ ಓಡಿದ. "ಏಯ್, ನನ್ನ ಪಾಲು!"

ಮುಂದಿದ್ದವಳು ಒಬ್ಬ ಮುದುಕಿ. ಅವಳು ತಿರುಗಿ ನಿಂತಳು. "ನಿಮ್ಮ ಪಾಲು ಯಾಕಪ್ಪಾ? ಪಾಲು ಗಾಳ ಕಟ್ಟಿದವನಿಗೆ. ನೀವು ಕಟ್ಟಿದಿರೇನು?"

"ನಾನು ಎಮ್ಮೆ ಕೊಟ್ಟಿದ್ದೇನೆ!"

"ಎಮ್ಮೆ ಕೊಟ್ಟವರು ಹಾಲು ಕೇಳಬೇಕು. ಮೀನು ಕೇಳಿದರೆ ಹೇಗೆ?"

ಊರಿಗೆ ಊರೇ ನಕ್ಕಿತು. ಗಾಳ ಮಾರಾಟವಾದದ್ದೇ ಅಲ್ಲಿ ಮೊದಲ ಸಲ. ಕಟ್ಟಿದವನೊಬ್ಬ, ಕೊಂಡವನೊಬ್ಬ ಆದರೆ ಪಾಲು ಯಾರಿಗೆ ಎಂಬ ಪ್ರಶ್ನೆ ಆ ಊರಿಗೆ ಎಂದೂ ಬಂದಿರಲಿಲ್ಲ. ಬಂದಾಗ ಅವರಿಗೆ ಉತ್ತರ ಹುಡುಕಬೇಕಾಗಲಿಲ್ಲ. ಕಟ್ಟಿದವನ ಕೈಚಳಕಕ್ಕೆ ಪಾಲು. ಎಮ್ಮೆಗೆ ಯಾವ ಕೈಚಳಕ?

ಗಾಳಗಾರ ಮೀನಿನ ರಾಶಿಯ ನಡುವೆ ಪೇಚಾಡುತ್ತ ನಿಂತಿದ್ದ. "ಇಷ್ಟನ್ನು ನಾನೇನು ಮಾಡಲಿ ಸಾಹುಕಾರರೇ? ಇವತ್ತಿನದು ನೀವೇ ಒಯ್ಯಿರಿ. ಬೇಕಾದರೆ ಎಮ್ಮೆಯನ್ನೂ ಹೊಡೆದುಕೊಂಡು ಹೋಗಿ."

ವ್ಯಾಪಾರಿ ಎಮ್ಮೆಯ ಕಡೆ ನೋಡಿದ. ಎಮ್ಮೆಯನ್ನು ಮರಳಿ ಹೊಡೆದುಕೊಂಡು ಹೋದರೆ ಮನೆಯೊಳಗೆ ಜಾಗ ಸಿಗುತ್ತಿತ್ತು. ಆದರೆ ಮುಗಿದ ವ್ಯಾಪಾರವನ್ನು ಮುರಿದವನ ಮಾತು ಮರುದಿನದಿಂದ ಸಂತೆಯಲ್ಲಿ ನಡೆಯುವುದಿಲ್ಲ. ದಾನದ ಮೀನು ಒಂದು ದಿನದ್ದು. ತಾನು ಕೊಂಡದ್ದೇನು, ಕೊಳ್ಳದೆ ಬಿಟ್ಟದ್ದೇನು ಎಂದು ಲೆಕ್ಕ ಹಾಕಿದ. ಕೋಲು ಬಂದಿತ್ತು, ದಾರ ಬಂದಿತ್ತು, ಗೆಜ್ಜೆಯೂ ಬಂದಿತ್ತು. ಕಟ್ಟುವುದೊಂದು ಬಂದಿರಲಿಲ್ಲ.

"ಬಿಚ್ಚಿ ನಾನೇ ಮತ್ತೆ ಕಟ್ಟಿದರೆ?" ಎಂದು ಮುದುಕಿಯನ್ನು ಕೇಳಿದ.

"ಆಗ ನೀವೇ ಕಟ್ಟಿದವರು. ಇದರಲ್ಲಿ ಕೇಳುವುದೇನಿದೆ?"

ವ್ಯಾಪಾರಿ ಗಾಳಗಾರನ ಕಡೆ ತಿರುಗಿದ. "ಕಟ್ಟುವುದನ್ನು ಕಲಿಸಲು ಏನು ತಗೊಳ್ಳುತ್ತೀ?"

"ಕಲಿಸುವುದಕ್ಕೆ ಬೆಲೆ ಎಲ್ಲಿಯದು? ಕೂತುಕೊಳ್ಳಿ, ಬರುತ್ತದೆ."

ಬೆಲೆಯಿಲ್ಲ ಎಂದಾಗಲೇ ವ್ಯಾಪಾರಿಗೆ ಅನುಮಾನ ಬಂತು. ಮರುದಿನ ಗೊತ್ತಾಯಿತು, ಅನುಮಾನ ಸರಿಯಾಗಿಯೇ ಇತ್ತು.

ನಲವತ್ತು ಗಾಳವನ್ನೂ ಅಂಗಳಕ್ಕೆ ತರಿಸಿ ಬಿಚ್ಚಿದ. ಬಿಚ್ಚುವುದು ಒಂದು ದಿನದ ಕೆಲಸ. ಕಟ್ಟುವುದಕ್ಕೆ ಕೂತಾಗ ಮೊದಲನೆಯ ಕೋಲು ಮುರಿಯಿತು. ಎರಡನೆಯದರ ಗಂಟು ನೀರಲ್ಲಿ ಬಿಚ್ಚಿಕೊಂಡಿತು. ಮೂರನೆಯದು ಮೀನಿಗೆ ಕಾಯದೆ ತಾನೇ ಚಿಮ್ಮಿತು. ಕೊಕ್ಕೆ ಅವನ ರುಮಾಲಿಗೆ ಸಿಕ್ಕಿ, ರುಮಾಲು ಹೊಳೆಯ ನಡುವೆ ಹೋಗಿ ಬಿತ್ತು. ಗೆಜ್ಜೆ ಘಲ್ಲೆಂದಿತು. "ದೊಡ್ಡದೇ ಬಿತ್ತು ಸಾಹುಕಾರರೇ!" ಎಂದು ದಂಡೆಯವರು ಕೂಗಿದರು. ವ್ಯಾಪಾರಿಗೂ ನಗು ತಡೆಯಲಾಗಲಿಲ್ಲ. ಬೋಳು ತಲೆಯಲ್ಲೇ ನಾಲ್ಕನೆಯದಕ್ಕೆ ಕೈ ಹಾಕಿದ.

ಹತ್ತು ಕಟ್ಟುವ ಹೊತ್ತಿಗೆ ಗಂಟು ನಿಂತಿತು. ಇಪ್ಪತ್ತು ಕಟ್ಟುವ ಹೊತ್ತಿಗೆ ಕೋಲು ಎಷ್ಟು ಬಗ್ಗುತ್ತದೆ ಎಂದು ಬೆರಳಿಗೇ ಗೊತ್ತಾಯಿತು. ಆಗ ಅವನ ಕಣ್ಣಿಗೆ ಇನ್ನೊಂದು ಬಿತ್ತು. ಬೆರಳುದ್ದದ ಮರಿಮೀನು ಮುಟ್ಟಿದರೂ ಗಾಳ ಚಿಮ್ಮುತ್ತಿತ್ತು. ಹತ್ತು ಸಲ ಗೆಜ್ಜೆ ಕೇಳಿ ಓಡಿದರೆ ಎಂಟು ಸಲ ಬರಿ ಮರಿ. ಗಾಳಗಾರನಿಗೆ ಅದು ತೊಂದರೆ ಎನಿಸಿರಲಿಲ್ಲ. ಅವನಿಗೆ ಬೇಕಿದ್ದದ್ದು ಎಚ್ಚರ. ವ್ಯಾಪಾರಿಗೆ ಬೇಕಿದ್ದದ್ದು ತೂಕ.

ಅವನು ಗಾಡಿಯಿಂದ ಅರ್ಧ ಸೇರಿನ ತೂಕದ ಕಲ್ಲು ತಂದ. ಅದನ್ನು ಗಾಳದ ದಾರಕ್ಕೆ ತೂಗುಹಾಕಿದ. ಕೋಲು ಚಿಮ್ಮಿತು. ಗೂಟದ ಕಚ್ಚನ್ನು ಇನ್ನಷ್ಟು ಆಳ ಮಾಡಿದ. ಈಗ ಕಲ್ಲು ತೂಗಿದರೂ ಕೋಲು ಅಲುಗಲಿಲ್ಲ. ಕಚ್ಚಿನ ಅಂಚನ್ನು ಕೂದಲೆಳೆಯಷ್ಟು ಹೆರೆದ. ಮತ್ತೆ ತೂಗುಹಾಕಿದ. ಮೂವತ್ತು ವರ್ಷ ತಕ್ಕಡಿಯ ಮುಳ್ಳು ನೋಡಿದ ಕಣ್ಣು ಅದು. ಅರ್ಧ ಸೇರಿಗೆ ಸರಿಯಾಗಿ ಚಿಮ್ಮುವ, ಅದಕ್ಕಿಂತ ಒಂದು ಗುಂಜಿ ಕಡಿಮೆಯಾದರೂ ಅಲುಗದ ಕಚ್ಚು ಸಿಗುವವರೆಗೆ ಏಳಲಿಲ್ಲ. ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. ನಲವತ್ತಕ್ಕೂ ಅದೇ ಕಚ್ಚು ಕೊರೆದ.

ಗಾಳಗಳು ಮತ್ತೆ ದಂಡೆಗೆ ಹೋದವು. ಈ ಸಲ ಗೆಜ್ಜೆ ಅಪರೂಪಕ್ಕೆ ಕೇಳಿಸಿತು. ಕೇಳಿಸಿದಾಗ ಎದ್ದವರು ಬರಿಗೈಯಲ್ಲಿ ಬರಲಿಲ್ಲ. ಮರಿಗಳು ಹೊಳೆಯಲ್ಲೇ ಉಳಿದವು.

ಸಂಜೆ ನಲವತ್ತು ಮಂದಿ ಹುಣಸೆ ಮರದ ಕೆಳಗೆ ನಿಂತರು, ಅರ್ಧರ್ಧ ಸುರಿದರು. ಕೊನೆಗೆ ಕಣ್ಣುಜ್ಜಿಕೊಳ್ಳುತ್ತ ಗಾಳಗಾರ ಬಂದ. ಎರಡು ದಪ್ಪ ಮೀನು ಹಿಡಿದಿದ್ದ. ಒಂದನ್ನು ವ್ಯಾಪಾರಿಯ ಬುಟ್ಟಿಗೆ ಹಾಕಿದ.

"ನೀನ್ಯಾಕೆ ಹಾಕುತ್ತೀ ಮಾರಾಯಾ?"

"ನನ್ನ ಗೂಟಕ್ಕೂ ನಿಮ್ಮ ಕೈಯಿಂದಲೇ ಕಚ್ಚು ಕೊರೆಸಿಕೊಂಡೆನಲ್ಲ. ಇವತ್ತು ಗೆಜ್ಜೆ ಎರಡೇ ಸಲ ಕೂಗಿತು. ಇಷ್ಟು ಒಳ್ಳೆಯ ನಿದ್ದೆ ನನಗೆ ಹತ್ತು ವರ್ಷದಿಂದ ಬಂದಿರಲಿಲ್ಲ!"

ಎರಡು ತಿಂಗಳು ಪಾಲು ಬಂತು. ಆಮೇಲೆ ಕಡಿಮೆಯಾಯಿತು. ನೋಡಿದರೆ, ಊರವರು ಕಚ್ಚು ಹೇಗಿದೆ ಎಂದು ಗಾಳ ಬಿಚ್ಚಿ ನೋಡುತ್ತಿದ್ದರು. ನೋಡಿ ತಾವೇ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಪಾಲು ಅವರದೇ. ವ್ಯಾಪಾರಿ ಜಗಳ ಕಾಯಲಿಲ್ಲ. ತಾನು ಮಾಡಿದ್ದೂ ಅದನ್ನೇ. ಕೇಳಲು ಬಂದವರಿಗೆ ಕಲ್ಲು ತೂಗುಹಾಕಿ ಕಚ್ಚು ಹೆರೆಯುವುದನ್ನು ತೋರಿಸಿಕೊಟ್ಟ. ಬೆಲೆ ಕೇಳಲಿಲ್ಲ. ಊರವರು ಅದನ್ನು ಸಾಹುಕಾರನ ಕಚ್ಚು ಎಂದು ಕರೆದರು. ಆ ಹೊಳೆಯ ಮೇಲಿನೂರು ಕೆಳಗಿನೂರುಗಳಿಗೂ ಅದೇ ಹೆಸರಲ್ಲಿ ಅದು ಹೋಯಿತು.

ಒಣಮೀನು ಮಾರಿ, ಬಂದದ್ದರಲ್ಲಿ ಒಂದು ಎಮ್ಮೆ ಕೊಂಡು, ದೀಪಾವಳಿಯ ಹಿಂದಿನ ದಿನ ವ್ಯಾಪಾರಿ ಮನೆಗೆ ಬಂದ. ಹೆಂಡತಿ ಎಮ್ಮೆಯ ಕೆಚ್ಚಲು ನೋಡಿದಳು, ಹಲ್ಲು ನೋಡಿದಳು. ಆಮೇಲೆ ಗಂಡನ ಬೋಳು ತಲೆ ನೋಡಿದಳು.

"ಹೋದದ್ದು ಒಂದು ಎಮ್ಮೆ, ಬಂದದ್ದು ಒಂದು ಎಮ್ಮೆ. ನಡುವೆ ಒಂದು ರುಮಾಲೂ ಹೋಗಿದೆ. ಇದೆಂಥ ವ್ಯಾಪಾರ?"

"ಒಂದು ಕಚ್ಚು ಬಂದಿದೆ ಕಣೇ" ಎಂದ ವ್ಯಾಪಾರಿ.

"ಅದರಲ್ಲಿ ಮೊಸರು ಹೆಪ್ಪಾಗುತ್ತದೆಯೋ?"

"ಇಲ್ಲ."

"ಮತ್ತೆ ಇಷ್ಟು ಹಿಗ್ಗು ಯಾಕೆ?"

ವ್ಯಾಪಾರಿ ಯೋಚಿಸಿದ. ಮೂವತ್ತು ವರ್ಷದಲ್ಲಿ ಸಾವಿರ ಗಾಡಿ ಸರಕು ಅವನ ಕೈ ದಾಟಿ ಹೋಗಿತ್ತು. ಎಲ್ಲವೂ ಇನ್ನೊಬ್ಬರು ಬೆಳೆದದ್ದು, ಇನ್ನೊಬ್ಬರು ಹಿಡಿದದ್ದು, ಇನ್ನೊಬ್ಬರು ಕಟ್ಟಿದ್ದು. "ಇದೊಂದನ್ನು ನಾನು ಯಾರಿಂದಲೂ ಕೊಂಡದ್ದಲ್ಲ" ಎಂದ.

ಹೆಂಡತಿ ಬಾಗಿಲು ಪೂರ್ತಿ ತೆರೆದಳು. ಎಮ್ಮೆ ಕೊಟ್ಟಿಗೆಗೆ ಹೋಯಿತು, ವ್ಯಾಪಾರಿ ಒಳಗೆ ಹೋದ.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಜಜ್ಜಿದ ಬೇರನ್ನು ಬಟ್ಟಲಿಗೆ ಹಾಕಿದರು.

ಶಿಷ್ಯ ಮಡಿಲಲ್ಲಿದ್ದ ತನ್ನ ಹೊತ್ತಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಆದರೆ ಗುರುಗಳೇ, ನಾನು ಒಂದು ಮದ್ದನ್ನೂ ತಪ್ಪಾಗಿ ಬರೆದುಕೊಂಡಿಲ್ಲ. ಮುನ್ನೂರಕ್ಕೆ ಮುನ್ನೂರೂ ನೀವು ಹೇಳಿದ ಹಾಗೇ ಇವೆ."

ಗುರುಗಳು ಹೇಳಿದರು, "ಅದೇ ಲೆಕ್ಕ ಮಗೂ: ಬರೆದದ್ದು ಮುನ್ನೂರು, ಬಿಚ್ಚಿ ಕಟ್ಟಿದ್ದು ಒಂದೂ ಇಲ್ಲ."

ಶಿಷ್ಯ ಹೊತ್ತಗೆಯನ್ನು ಬದಿಗಿಟ್ಟು, ಬೇರಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ.