ಬುಟ್ಟಿ ಹಿಡಿದು ಮಾಡಿದ ಭಾಷಣ

ರಾಜ್ಯೋತ್ಸವದ ವೇದಿಕೆಯಲ್ಲಿ ಸಹಕಾರ ಸಂಘದ ಅಧ್ಯಕ್ಷ ಚಂದ್ರಮೌಳಪ್ಪನವರು ಭಾಷಣಕ್ಕೆ ನಿಂತರು. ನಿಂತವರೇ ಸ್ಟ್ಯಾಂಡಿನಲ್ಲಿದ್ದ ಮೈಕಿನ ಕತ್ತಿಗೆ ಕೈಹಾಕಿ, ತಲೆ ಸಮೇತ ಮುಷ್ಟಿಯಲ್ಲಿ ಹಿಸುಕಿ ಹಿಡಿದರು. ಸ್ಪೀಕರ್ ಬಾಕ್ಸುಗಳು ಕುಂಯ್ ಎಂದು ಕಿರುಚಿದವು.

"ಯಾವನಯ್ಯಾ ಮೈಕಿನವನು? ಡಬ್ಬಾ ಸೆಟ್ ತಂದು ನನ್ನ ಮಾನ ಕಳೀತೀಯಾ?"

ಮೈಕ್‌ಸೆಟ್ಟಿನ ದ್ಯಾಮಣ್ಣನಿಗೆ ಮೈ ಉರಿಯಿತು. ಬೆಳಗಿನಿಂದ ಮಕ್ಕಳು ಹಾಡಿದಾಗ ಒಮ್ಮೆಯೂ ಕುಂಯ್ ಅನ್ನದ ಸೆಟ್ಟು ಅದು. ತಪ್ಪು ಯಾರದ್ದು, ಬೈಗುಳ ಯಾರಿಗೆ!

"ಮೈಕಿಂದ ಕೈ ತೆಗೀರಿ ಸಾರ್, ಸದ್ದು ನಿಲ್ಲುತ್ತೆ."

"ನನಗೇ ಹೇಳಿಕೊಡ್ತೀಯಾ?" ಹಿಡಿತ ಇನ್ನೂ ಬಿಗಿಯಾಯಿತು.

ದ್ಯಾಮಣ್ಣ ನಿರೂಪಕಿಯ ಕಿವಿಯಲ್ಲಿ ಏನೋ ಹೇಳಿದ. ಭಾಷಣದ ನಂತರ ಆಗಬೇಕಿದ್ದ ಅಧ್ಯಕ್ಷರ ಸನ್ಮಾನ ಮೊದಲೇ ಶುರುವಾಯಿತು. ಹಾರ, ಶಾಲು, ಪೇಟ ಆದವು. ಕೊನೆಗೆ ದೊಡ್ಡ ಹಣ್ಣಿನ ಬುಟ್ಟಿ ಅಧ್ಯಕ್ಷರ ಎರಡೂ ಕೈ ತುಂಬಿತು.

"ಬುಟ್ಟಿ ಇಳಿಸಬೇಡಿ ಸಾರ್," ದ್ಯಾಮಣ್ಣ ಕೈಮುಗಿದ. "ಭಾಷಣದ ಫೋಟೋದಲ್ಲಿ ಅದೂ ಬರಲಿ."

ಅಧ್ಯಕ್ಷರು ಬುಟ್ಟಿ ತಬ್ಬಿಕೊಂಡೇ ಮುಕ್ಕಾಲು ಗಂಟೆ ಮಾತಾಡಿದರು. ಮೈಕು ಒಮ್ಮೆಯೂ ಕುಂಯ್ ಅನ್ನಲಿಲ್ಲ.

ಮುಗಿಸಿ ಬೀಗಿದರು: "ನೋಡಿದ್ಯಾ? ಒಂದ್ಸಲ ಗದರಿದ್ದಕ್ಕೆ ಹೇಗೆ ಸರಿಹೋಯ್ತು!"

"ಗದರಿದ್ದಕ್ಕಲ್ಲ ಸಾರ್. ಬುಟ್ಟಿ ಹಿಡಿದಿದ್ರಲ್ಲ, ಮೈಕಿನ ಕತ್ತು ಹಿಸುಕೋಕೆ ನಿಮಗೆ ಕೈ ಇರಲಿಲ್ಲ."

ಈ ಮಾತನ್ನು ದ್ಯಾಮಣ್ಣ ಮೈಕಿನ ಮುಂದೆ ನಿಂತೇ ಹೇಳಿದ. ಕೊನೇ ಸಾಲಿನವರಿಗೂ ಸ್ಪಷ್ಟವಾಗಿ ಕೇಳಿಸಿತು.