ಕಟ್ಟೆಯ ಕೆಳಗೆ ನಿಂತವರು

“ಗುರುಗಳೇ, ನಮ್ಮೂರಿಗೆ ಗಾಂಜಾ ಬಂದಿದೆ,” ಎಂದ ಶಿಷ್ಯ. “ನಾಳೆ ಹಿರಿಯರ ಸಭೆ ಕರೆದಿದ್ದೇನೆ. ಹದಿನೈದು, ಹದಿನಾರರ ಮಕ್ಕಳು ತಾವೂ ಬರುತ್ತೇವೆ, ಮನೆಮನೆಗೆ ಹೋಗಿ ಮಾತಾಡುತ್ತೇವೆ ಎನ್ನುತ್ತಿದ್ದಾರೆ. ಸೇರಿಸಿಕೊಳ್ಳಲೋ, ಬೇಡವೋ?”

ಗುರು ಒಂದು ಕತೆ ಹೇಳತೊಡಗಿದರು.

ಒಂದು ನೇಕಾರರ ಊರು. ತಮ್ಮ ಕೈಯಾರೆ ಒಂದು ಸೀರೆ ನೇಯ್ದು ಮಗ್ಗದಿಂದ ಇಳಿಸಿದವರು ಮಾತ್ರ ಆ ಊರಿನ ಕಟ್ಟೆ ಹತ್ತಬೇಕು, ಅಲ್ಲಿ ಮಾತಾಡಬೇಕು. ಅದು ಹಿಂದಿನಿಂದ ಬಂದ ಕಟ್ಟು. ದೊಡ್ಡವರು ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕುಳಿತಿರುತ್ತಿದ್ದರು. ಊರ ಹೊರಗೆ ಬಂದು ನಿಲ್ಲುವ ಗಾಡಿಯಿಂದ ಬಣ್ಣದ ನೂಲು ತರುವುದು ಮಕ್ಕಳ ಕೆಲಸ. ಗಾಡಿಯವನು ನೂಲಿನ ಜೊತೆಗೆ ಚಿಕ್ಕ ಪೊಟ್ಟಣಗಳನ್ನೂ ಕೊಡತೊಡಗಿದ. ಮೊದಮೊದಲು ಬಿಟ್ಟಿಯಾಗಿಯೇ ಕೊಟ್ಟ.

ಊರಲ್ಲಿ ಹುಡುಗರು ಮಂಕಾದರು. ಊರ ಯಜಮಾನನೂ ಹಿರಿಯರೂ ಕಟ್ಟೆಯಲ್ಲಿ ಸೇರಿದರು. ಬೈರಾಗಿಗಳೇ ಈ ಗಾಂಜಾ ತರುತ್ತಿದ್ದಾರೆ, ಅವರನ್ನು ಊರೊಳಗೆ ಬಿಡಬಾರದು, ಡಂಗುರ ಸಾರಬೇಕು ಎಂದು ಮಾತಾಯಿತು. ಆಗ ಒಬ್ಬ ಹುಡುಗಿ ಕಟ್ಟೆಯ ಕೆಳಗೆ ಬಂದು ನಿಂತಳು. ಅವಳ ಹಿಂದೆ ಅವಳ ಓರಗೆಯವರು ನಿಂತಿದ್ದರು.

“ಯಜಮಾನಪ್ಪಾ, ನಮ್ಮನ್ನೂ ಕೂರಿಸಿಕೊಳ್ಳಿ. ನಿಮ್ಮ ಡಂಗುರ ಕೇಳಿದರೆ ನಮ್ಮ ಜೊತೆಯವರು ನಗುತ್ತಾರೆ. ನಾವು ಹೇಳಿದರೆ ಕೇಳುತ್ತಾರೆ.”

ಒಬ್ಬ ಮುದುಕ ನಕ್ಕ. “ಕೇಳಿದಿರೇನಪ್ಪ? ನೂಲು ಸುತ್ತುವ ಕೈಗೆ ಕಟ್ಟೆ ಬೇಕಂತೆ! ಮೊದಲು ಒಂದು ಸೀರೆ ಇಳಿಸು ತಾಯಿ. ನಿನ್ನ ಮದುವೆಗೂ ಆಗುತ್ತದೆ.”

ಕಟ್ಟೆಯೆಲ್ಲ ನಕ್ಕಿತು. ಯಜಮಾನ ಮಾತ್ರ ನಗಲಿಲ್ಲ. ಅವನು ಒಳ್ಳೆಯವನು. ಅವನಿಗೂ ಅವಳ ವಯಸ್ಸಿನ ಮಗನಿದ್ದ, ಒಬ್ಬನೇ ಮಗ.

“ಇಂಥ ಕೆಟ್ಟ ಮಾತು ಮಕ್ಕಳ ಕಿವಿಗೆ ಬೀಳಬಾರದು, ಮಗಳೇ,” ಎಂದ. “ನೀವಿನ್ನೂ ಎಳೆಯರು. ಮನೆಗೆ ಹೋಗಿ.”

ಹುಡುಗಿ ಅವನ ಮುಖ ನೋಡಿದಳು. ಅವನ ಮಗನ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ನಗುವವರ ನಡುವೆ ಅದನ್ನು ಹೇಳಲಾರದೆ ತಿರುಗಿ ಹೋದಳು.

ಡಂಗುರ ಸಾರಿದರು. ಬೈರಾಗಿಗಳನ್ನು ಅಟ್ಟಿದರು. ಗಾಡಿ ಎಂದಿನಂತೆ ಬಂತು, ಹೋಯಿತು.

ಆ ವರ್ಷವೇ ಯಜಮಾನನ ಮಗ ಅಮಲಿನಲ್ಲಿ ಬಾವಿಯ ಮೆಟ್ಟಿಲು ತಪ್ಪಿ ಬಿದ್ದ. ಮೇಲೆತ್ತುವಾಗ ಉಸಿರಿರಲಿಲ್ಲ. ಹಾಸಿಗೆಯ ಕೆಳಗೆ ಪೊಟ್ಟಣಗಳು ಸಿಕ್ಕಿದವು. ಅವುಗಳಿಗೆ ಕಟ್ಟಿದ್ದ ನೂಲು, ಗಾಡಿಯಿಂದ ಬಂದು ಯಜಮಾನನ ಮಗ್ಗದ ಮೇಲಿದ್ದ ನೂಲೇ.

ಮದುವೆಯಾಗದೆ ಸತ್ತವನ ಚಟ್ಟವನ್ನು ದೊಡ್ಡವರು ಹೊರುವಂತಿಲ್ಲ, ಓರಗೆಯವರೇ ಹೊರಬೇಕು. ಅದೂ ಆ ಊರಿನ ಕಟ್ಟು. ಹಿರಿಯರು ಮನೆಮನೆಗೆ ಹೋಗಿ ಹುಡುಗರನ್ನು ಕರೆತಂದರು. ಎತ್ತರ ಸಾಲದ ಒಬ್ಬನ ಹೆಗಲ ಮೇಲೆ ಬಟ್ಟೆ ಮಡಿಸಿ ಇಟ್ಟರು.

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಯಜಮಾನ ಅವಳ ಹತ್ತಿರ ಬಂದ.

“ನಿನಗೆ ಗೊತ್ತಿತ್ತೇನವ್ವ?”

“ಗೊತ್ತಿತ್ತಪ್ಪಾ. ನಮಗೆಲ್ಲ ಗೊತ್ತಿತ್ತು.”

ಮಕ್ಕಳು ಚಟ್ಟ ಎತ್ತಿದರು. ಹಿರಿಯರು ಹಿಂದೆ ನಡೆದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ಒಪ್ಪಲಿಲ್ಲ.

“ಆದರೂ ಗುರುಗಳೇ, ಇಂಥ ಭಾರದ ಕೆಲಸಕ್ಕೆ ಅವರು ತೀರ ಎಳೆಯರಲ್ಲವೇ?”

“ಚಟ್ಟಕ್ಕೆ ಹೆಗಲು ಕೊಡಲು ಕರೆದ ದಿನ ಯಾರೂ ಹಾಗೆನ್ನಲಿಲ್ಲ,” ಎಂದರು ಗುರು.