ಈಜು ಕಲಿಸುವವನ ಅಂಗೈ

ಶಾಲೆಯಲ್ಲಿ ಮೇಷ್ಟ್ರಾಗಿದ್ದ ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ:

“ಗುರುಗಳೇ, ನಮ್ಮ ಶಾಲೆಯ ಮಕ್ಕಳಿಗೆಲ್ಲ ಟ್ಯಾಬ್ ಬಂದಿದೆ. ಪಾಠ ಅದೇ ಹೇಳುತ್ತದೆ, ತಪ್ಪಿದರೆ ಅದೇ ತಿದ್ದುತ್ತದೆ, ಅಂಕವನ್ನೂ ಅದೇ ಹಾಕುತ್ತದೆ. ತರಗತಿಯಲ್ಲಿ ಗದ್ದಲವಿಲ್ಲ. ನನಗೂ ಕೊಂಚ ಬಿಡುವು. ಆದರೂ ಮನಸ್ಸಿಗೆ ಏನೋ ಕಸಿವಿಸಿ. ಮಕ್ಕಳ ಕೈಗೆ ಆ ಯಂತ್ರ ಕೊಟ್ಟದ್ದು ಒಳ್ಳೆಯದೋ ಕೆಟ್ಟದ್ದೋ, ನೀವೇ ಹೇಳಬೇಕು.”

ಗುರು ಹೇಳಿದರು: “ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನೀನು ಎದ್ದು ಊಟಕ್ಕೆ ಹೋಗುತ್ತೀ. ಕೂತುಕೋ ಮಾರಾಯ. ಕತೆ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ.”

ಒಂದು ಹೊಳೆ. ಈಚೆ ದಡದಲ್ಲಿ ಊರು. ಸಂತೆ, ಆಸ್ಪತ್ರೆ, ನೆಂಟರು ಎಲ್ಲ ಆಚೆ ದಡದಲ್ಲಿ. ದೋಣಿಯಿಲ್ಲದೆ ಗತಿಯಿಲ್ಲ. ಅಲ್ಲಿನ ಅಂಬಿಗರದು ಒಂದು ಕಟ್ಟುನಿಟ್ಟು. ಹಾಲು ಕುಡಿಯುವ ಕೂಸಾದರೆ ಬೇರೆ ಮಾತು. ಓಡಾಡುವ ಮಗುವಾದರೆ ಈಜು ಬರಲೇಬೇಕು. ಬಾರದಿದ್ದರೆ ದೋಣಿಗೆ ಹತ್ತಿಸುವುದಿಲ್ಲ. ಅತ್ತರೂ ಇಲ್ಲ, ಕಾಲಿಗೆ ಬಿದ್ದರೂ ಇಲ್ಲ. ‘ಈ ಮಗುವಿಗೆ ಈಜು ಬಂತು’ ಎಂದು ಊರಿನ ಈಜು ಮೇಷ್ಟ್ರು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ದೋಣಿ.

ಆ ಮೇಷ್ಟ್ರು ಹಳೆಯ ಕಾಲದವರು. ಮಗುವಿನ ಬೆನ್ನಿಗೆ ಕತ್ತಾಳೆ ಬೆಂಡಿನ ತುಂಡುಗಳನ್ನು ಕಟ್ಟುವರು. ಬೆಂಡು ನೀರಲ್ಲಿ ತೇಲುತ್ತದಲ್ಲ, ಅದರ ಜೊತೆಗೆ ಮಗುವೂ ತೇಲುತ್ತದೆ. ತಾವು ಎದೆಮಟ್ಟದ ನೀರಲ್ಲಿ ನಿಂತು ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಇಡುವರು. ಮಗು ಗಟ್ಟಿಯಾದ ಹಾಗೆ ಅದಕ್ಕೆ ಗೊತ್ತಾಗದಂತೆ ಒಂದೊಂದೇ ಬೆಂಡು ತೆಗೆಯುವರು. ಯಾವ ಮಗು ಹೆದರಿದೆ, ಯಾವುದು ಸುಮ್ಮನೆ ಧೈರ್ಯ ತೋರಿಸುತ್ತಿದೆ, ಎಲ್ಲ ಅವರ ಅಂಗೈಗೆ ಗೊತ್ತು.

ಒಂದು ದಿನ ಪೇಟೆಯ ವ್ಯಾಪಾರಿಯೊಬ್ಬ ರಬ್ಬರಿನ ಅಂಗಿಗಳನ್ನು ತಂದ. ಗಾಳಿ ಊದಿ ತೊಡಿಸಿದರೆ ಸಾಕು, ಕಲ್ಲನ್ನೂ ತೇಲಿಸುತ್ತದೆ ಎಂದ. ಅವನೇನೂ ಮೋಸಗಾರನಲ್ಲ. ಹೇಳಿದ್ದು ಸುಳ್ಳೂ ಅಲ್ಲ. ಹುಟ್ಟಿದಾಗಿನಿಂದ ಕಾಲು ಸೊಟ್ಟಗಿದ್ದ ಒಬ್ಬ ಹುಡುಗ ಬೆಂಡು ಕಟ್ಟಿದರೂ ನೀರಿಗೆ ಇಳಿದವನಲ್ಲ. ಆ ಅಂಗಿ ತೊಟ್ಟು ಇಳಿದ, ಕೇಕೆ ಹಾಕಿ ನಕ್ಕ. ಅವನ ಅಪ್ಪ ದಡದಲ್ಲಿ ನಿಂತು ಕಣ್ಣೊರೆಸಿಕೊಂಡ. ಅಂಥದ್ದನ್ನು ಕೆಟ್ಟದ್ದು ಅನ್ನಲು ಯಾರಿಗೆ ಬಾಯಿ ಬರುತ್ತದೆ, ಹೇಳು.

ಅಂಗಿ ತೊಟ್ಟ ದಿನವೇ ಮಕ್ಕಳು ಹೊಳೆ ದಾಟತೊಡಗಿದರು. ಊರಿಗೆ ಊರೇ ಖುಷಿಯಾಯಿತು. ಮೇಷ್ಟ್ರಿಗೆ ಮೊದಲೇ ಮಂಡಿನೋವು. ಇನ್ನು ನಾನೇಕೆ ತಣ್ಣೀರಲ್ಲಿ ನಿಲ್ಲಲಿ ಎಂದು ದಡಕ್ಕೆ ಬಂದು ಹೊಂಗೆಮರದ ನೆರಳಲ್ಲಿ ಕೂತರು. ಅಲ್ಲಿಂದ ನೋಡಿದರೆ ಎಲ್ಲ ತಲೆಗಳೂ ನೀರಿನ ಮೇಲೆಯೇ ಇದ್ದವು.

ಗಿರಿಜವ್ವ ಎಂಬ ತಾಯಿ ಬಂದು ಕೇಳಿದಳು, ಮಗಳಿಗೆ ಈಜು ಬಂತೇ ಎಂದು. ಮೇಷ್ಟ್ರು ಕೂತಲ್ಲಿಂದಲೇ ಹೇಳಿದರು: “ಬಂತಮ್ಮ, ಕಣ್ಣಾರೆ ಕಂಡಿದ್ದೇನೆ. ಹೊಳೆ ದಾಟಿ ವಾಪಸ್ಸು ಬಂದಳು.”

ಮಾರನೆಯ ವಾರ ತಾಯಿ ಮಗಳು ದೋಣಿ ಹತ್ತಿದರು. ಈಜು ಬಂದ ಮೇಲೆ ಅಂಗಿ ಯಾಕೆಂದು ಅದನ್ನು ದಡದಲ್ಲೇ ಬಿಟ್ಟಿದ್ದರು. ನಡುಹೊಳೆಯಲ್ಲಿ ದೋಣಿ ಬಂಡೆಗೆ ತಗುಲಿ ಮಗುಚಿತು. ಎಲ್ಲರೂ ಕೈಕಾಲು ಬಡಿದು ಈಜಿದರು. ಹುಡುಗಿ ಮಾತ್ರ ದಿನವೂ ಮಾಡುತ್ತಿದ್ದುದನ್ನೇ ಮಾಡಿದಳು. ಎರಡೂ ಕೈ ಚಾಚಿ, ನೀರು ತನ್ನನ್ನು ಎತ್ತಲಿ ಎಂದು ಕಾದಳು. ಕಾಯುತ್ತ ಕಾಯುತ್ತ ಮುಳುಗಿದಳು.

ಅಂಬಿಗ ಜಡೆ ಹಿಡಿದು ಎಳೆದ. ದಡಕ್ಕೆ ತಂದು ಮಲಗಿಸಿ ಬೆನ್ನು ತಟ್ಟಿದಾಗ ನೀರು ಕಕ್ಕಿ ಉಸಿರಾಡಿದಳು. ಸದ್ಯ, ಬದುಕಿತು ಬಡಜೀವ! ಮೇಷ್ಟ್ರು ಎದ್ದೂ ಬಿದ್ದೂ ಓಡಿ ಬಂದರು. ಹುಡುಗಿ ಅವರ ಮುಖ ನೋಡಿ, “ಮೇಷ್ಟ್ರೇ, ನನಗೆ ಈಜು ಬರುತ್ತೆ ಅಂತ ನೀವೇ ಹೇಳಿದ್ರಲ್ಲ?” ಎಂದಳು.

ಮೇಷ್ಟ್ರು ಮನೆಗೆ ಓಡಿ ಕುಡುಗೋಲು ತಂದರು. ಈ ಹಾಳು ಅಂಗಿಗಳಿಂದಲೇ ಇಷ್ಟೆಲ್ಲ ಆಯಿತು, ಒಂದನ್ನೂ ಉಳಿಸುವುದಿಲ್ಲ ಎಂದು ಎತ್ತಿದರು. ಗಿರಿಜವ್ವ ಒದ್ದೆ ಸೀರೆಯಲ್ಲೇ ಎದ್ದು ಬಂದು ಅವರ ಕೈ ಹಿಡಿದಳು.

“ಅದರ ಮೇಲೆ ಯಾಕೆ ಸಿಟ್ಟು ಮೇಷ್ಟ್ರೇ? ತೇಲಿಸ್ತೀನಿ ಅಂದಿತ್ತು, ತೇಲಿಸಿತು. ಕಲಿಸ್ತೀನಿ ಅಂದೋರು ನೀವು.”

ಮೇಷ್ಟ್ರು ಕುಡುಗೋಲು ಕೆಳಗಿಟ್ಟರು. ಅಂದು ಅವರಿಗೆ ಅನ್ನ ಸೇರಲಿಲ್ಲ.

ಬೆಳಗಾದ ಮೇಲೆ ಹುಡುಗಿಯ ಮನೆಗೆ ಹೋದರು. ಅವಳು ನೀರಿನ ಹೆಸರೆತ್ತಿದರೆ ನಡುಗುತ್ತಿದ್ದಳು. ಮೊದಲ ದಿನ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತು ಪಾದ ನೆನೆಸಿಕೊಂಡು ಬಂದರು, ಅಷ್ಟೇ. ಆಮೇಲೆ ಮೇಷ್ಟ್ರು ಅವಳಿಗೆ ಅದೇ ರಬ್ಬರಿನ ಅಂಗಿ ತೊಡಿಸಿದರು. ಮಂಡಿಗೆ ಎಣ್ಣೆ ತಿಕ್ಕಿಕೊಂಡು ತಾವೂ ನೀರಿಗೆ ಇಳಿದರು. ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ದಿನವೂ ಅಂಗಿಯಿಂದ ಒಂದಿಷ್ಟು ಗಾಳಿ ಬಿಟ್ಟರು. ಎಷ್ಟು ಬಿಡಬೇಕು ಎಂಬುದನ್ನು ಅಂಗೈ ಹೇಳಿತು. ಅಂಗಿ ಪೂರ್ತಿ ಚಪ್ಪಟೆಯಾದ ದಿನ ಹುಡುಗಿ ತನಗೆ ಗೊತ್ತಿಲ್ಲದೆಯೇ ಈಜುತ್ತಿದ್ದಳು. ಸೊಟ್ಟಕಾಲಿನ ಹುಡುಗನ ಅಂಗಿಯಲ್ಲಿ ಮಾತ್ರ ಮೇಷ್ಟ್ರು ಕೊಂಚ ಗಾಳಿ ಉಳಿಸಿದರು. ಅವನಿಗೆ ಅದು ಬೇಕಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

“ಹಾಗಾದರೆ ಯಂತ್ರ ಇರಲಿ ಅನ್ನುತ್ತೀರಿ, ಅಲ್ಲವೇ ಗುರುಗಳೇ?”

“ಯಂತ್ರದ ಮಾತು ಹಾಗಿರಲಿ,” ಎಂದರು ಗುರು. “ಅದು ಬಂದ ಮೇಲೆ ತರಗತಿಯಲ್ಲಿ ನೀನು ಕೂರುವುದು ಎಲ್ಲಿ?”